ತಪ್ಪಿಗೂ ತಡಕ್ಕೂ ಒಂದೇ ಸೊನ್ನೆ

ಅಥವಾ ‘ಗ್ಯಾರಂಟಿ’ ಎಂಬ ಮಾತು ಅವತ್ತು ನನ್ನ ಬಾಯಿಂದ ಬರಲೇ ಇಲ್ಲವೇನೋ. ‘ಬಹುಮಟ್ಟಿಗೆ ಆಗುತ್ತೆ’ ಎಂದಿರಬಹುದು. ಬರೀ ತಲೆ ಆಡಿಸಿರಬಹುದು. ಸಂದರ್ಶನದ ಕೊನೆಯ ಆ ಐದು ನಿಮಿಷವನ್ನು ಎಷ್ಟು ಸಲ ಹಿಂದೆ ಮುಂದೆ ಮಾಡಿದ್ದೇನೆಂದರೆ, ಈಗ ನೆನಪಿಗೆ ಬರುವುದು ಅವತ್ತು ನಡೆದದ್ದಲ್ಲ, ಹೋದ ಸಲ ನೆನೆಸಿಕೊಂಡದ್ದು. ಕೋಣೆಯ ಗೋಡೆ ಒಮ್ಮೆ ಬಿಳಿ, ಒಮ್ಮೆ ತಿಳಿಹಸಿರು. ಆ ಹುಡುಗಿ ಒಮ್ಮೆ ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡಿರುತ್ತಾಳೆ, ಒಮ್ಮೆ ಮೇಜಿನ ಮೇಲೆ. ಅವಳು ಕೇಳಿದ ಪ್ರಶ್ನೆ ಮಾತ್ರ ಒಂದಕ್ಷರವೂ ಕದಲುವುದಿಲ್ಲ: ‘ಸಾರ್, ಒಳಗೆ ತಗೊಂಡ್ಮೇಲೆ ಕೆಲಸ ಖಾಯಂ ತಾನೇ?’

ಆ ಪ್ರಶ್ನೆಗೆ ಬರುವ ಮೊದಲು ಕೆಲವು ವರ್ಷ ಹಿಂದಕ್ಕೆ ಹೋಗಬೇಕು.

ಕಂಪ್ಯೂಟರ್ ಕಂಪನಿಗಳಿಗೆ ಸೇರಲು ಹೊರಟಿರುವ ಕೆಲವರು, ದತ್ತಗಳ್ಳಿಯ ನಮ್ಮ ಬೀದಿಯವರೇ, ‘ನಿಮ್ಮ ಅನುಭವ ಬರೀರಿ ಅಂಕಲ್, ನಮಗೆ ಉಪಯೋಗ ಆಗುತ್ತೆ’ ಎಂದರು. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬರೆಯುವುದಿಲ್ಲ. ಯಾರನ್ನು ಒಳಗೆ ಬಿಟ್ಟೆ, ಯಾರನ್ನು ಹೊರಗೆ ಕಳಿಸಿದೆ, ಅದರಲ್ಲಿ ಎಷ್ಟು ಸಲ ನಾನು ತಪ್ಪಿದೆ ಎಂಬುದನ್ನು ಬರೆಯಲು ನೋಡುತ್ತೇನೆ. ಉಪಯೋಗ ಆಗುತ್ತದೆಂಬ ಭರವಸೆ ನನಗಿಲ್ಲ.

ತೊಂಬತ್ತರ ದಶಕದ ನಡುವೆ ಕುವೆಂಪುನಗರದ ಒಂದು ಎರಡಂತಸ್ತಿನ ಮನೆಯಲ್ಲಿ ನಮ್ಮ ತರಬೇತಿ ಕೇಂದ್ರ ಶುರುವಾಯಿತು. ಕಂಪನಿ ದೊಡ್ಡದು, ನಾಲ್ಕಾರು ದೇಶಗಳಲ್ಲಿ ಕಚೇರಿ. ಈಗ ಅದು ಆ ಹೆಸರಿನಲ್ಲಿಲ್ಲ, ಎರಡು ಕೈ ಬದಲಾಗಿದೆ. ಮೈಸೂರಿನ ಪಾಲಿಗೆ ಆಗ ಅದು ಒಂದು ಬಾಡಿಗೆ ಮನೆ. ದೇವರ ಮನೆಯಲ್ಲಿ ಸರ್ವರ್ ಇಟ್ಟಿದ್ದೆವು. ಆ ಕೋಣೆಗೆ ಕಿಟಕಿ ಇರಲಿಲ್ಲ, ತಂಪು ನಿಲ್ಲುತ್ತಿತ್ತು. ಮನೆಯ ಯಜಮಾನರು ಬಂದಾಗಲೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಆ ಯಂತ್ರಕ್ಕೆ ಕೈ ಮುಗಿದು ಹೋಗುತ್ತಿದ್ದರು. ಇದು ನಾನು ಕಂಡದ್ದೋ, ನಂಜುಂಡಸ್ವಾಮಿಯವರು ಕಟ್ಟಿ ಹೇಳಿದ ಕತೆಯೋ, ಈಗ ಬೇರ್ಪಡಿಸಲಾರೆ.

ನಂಜುಂಡಸ್ವಾಮಿ ಆ ಕೇಂದ್ರದ ಮುಖ್ಯಸ್ಥರು. ಮನೆಯವರದು ಬೆಲ್ಲದ ವ್ಯಾಪಾರ. ಅದು ಮುಳುಗಿದ ಮೇಲೆ ಮಠದ ಹಾಸ್ಟೆಲಿನಲ್ಲಿ ಓದಿ ಇಂಜಿನಿಯರ್ ಆದವರು. ಹಣೆಯ ವಿಭೂತಿ ಅಳಿಸದೆಯೇ ವಿದೇಶದವರ ಜೊತೆ ಮೀಟಿಂಗಿಗೆ ಕೂರುತ್ತಿದ್ದರು. ನಾನು ಅವರ ಕೈಕೆಳಗೆ ಪಾಠ ಹೇಳುವುದು, ಸಂದರ್ಶನ ಮಾಡುವುದು, ಪರೀಕ್ಷೆ ನಡೆಸುವುದು ಮೂರನ್ನೂ ಮಾಡುತ್ತಿದ್ದೆ. ಕಡತಗಳನ್ನು ನೋಡಿಕೊಳ್ಳುತ್ತಿದ್ದವಳು ಫಿಲೋಮಿನಾ. ಅವಳ ತಾತನ ಕಾಲದಿಂದ ಅವರ ಮನೆಯವರು ಇದೇ ಊರಿನ ಚರ್ಚಿಗೆ ಹೋಗುವವರು. ನಮ್ಮಲ್ಲಿ ಮೈಸೂರು ಪೂರ್ತಿ ಗೊತ್ತಿದ್ದವಳು ಅವಳೊಬ್ಬಳೇ. ಅಭ್ಯರ್ಥಿಯ ವಿಳಾಸ ನೋಡಿದರೆ ಯಾವ ಸ್ಟಾಪಿನಲ್ಲಿ ಇಳಿದು ಎಷ್ಟು ನಡೆಯಬೇಕು ಎಂದು ಹೇಳುತ್ತಿದ್ದಳು.

ಮೊದಲ ವರ್ಷಗಳ ಸಂದರ್ಶನಗಳಲ್ಲಿ ನನಗೊಂದು ಪ್ರಿಯವಾದ ಪ್ರಶ್ನೆಯಿತ್ತು. ಗಡಿಯಾರದ ದೊಡ್ಡ ಮುಳ್ಳು ಚಿಕ್ಕ ಮುಳ್ಳಿನ ಮೇಲೆ ದಿನಕ್ಕೆ ಎಷ್ಟು ಸಲ ಬರುತ್ತದೆ? ಗಂಟೆಗೊಮ್ಮೆ ಬರುತ್ತದಲ್ಲ, ಇಪ್ಪತ್ತನಾಲ್ಕು ಎಂದು ನಾನು ತಿಳಿದಿದ್ದೆ. ಕೂತು ಲೆಕ್ಕ ಹಾಕಿರಲಿಲ್ಲ. ಒಬ್ಬ ಹುಡುಗ ‘ಇಪ್ಪತ್ತೆರಡು’ ಎಂದ. ಇನ್ನೊಮ್ಮೆ ಯೋಚಿಸಿ ಎಂದೆ. ಅವನು ಯೋಚಿಸಿ ಮತ್ತೆ ‘ಇಪ್ಪತ್ತೆರಡೇ ಸಾರ್’ ಎಂದ. ಅವನ ಹಾಳೆಯಲ್ಲಿ ‘ಆತುರಗಾರ, ತಿದ್ದಿದರೂ ಒಪ್ಪುವುದಿಲ್ಲ’ ಎಂದು ಬರೆದೆ. ಒಂದು ವರ್ಷ ಕಳೆದ ಮೇಲೆ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುತ್ತಾ ಗೋಡೆಯ ಗಡಿಯಾರ ನೋಡುತ್ತಿದ್ದೆ. ಹನ್ನೊಂದು ದಾಟಿ ಮುಳ್ಳುಗಳು ಸೇರುವುದು ಹನ್ನೆರಡಕ್ಕೇ, ಹನ್ನೆರಡು ಗಂಟೆಗೆ ಒಂದು ಸಲ ಕಳೆದುಹೋಗುತ್ತದೆ, ದಿನಕ್ಕೆ ಇಪ್ಪತ್ತೆರಡೇ ಎಂದು ಹೊಳೆಯಿತು. ಹಲ್ಲುನೋವು ಮರೆತೇಹೋಯಿತು. ಆ ಹುಡುಗನಂತೆ ಸರಿಯಾಗಿ ಹೇಳಿ ಮನೆಗೆ ಹೋದವರು ಇನ್ನೆಷ್ಟು ಜನ, ಲೆಕ್ಕವಿಲ್ಲ. ಮರುದಿನದಿಂದ ಆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದೆ. ನಾನು ಮಾಡಿದ್ದು ಅಷ್ಟೇ. ನಿಲ್ಲಿಸುವುದು ಸುಲಭ.

ಇನ್ನೊಬ್ಬನಿದ್ದ, ನಂಜನಗೂಡಿನ ಕಡೆಯವನು. ನನ್ನ ಪಕ್ಕ ಕೂತ ಅಧಿಕಾರಿಗೆ ಕನ್ನಡ ಬಾರದು. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ಆ ಹುಡುಗ ಸುಮ್ಮನೆ ಕೂತ. ನಾನು ‘ಕನ್ನಡದಲ್ಲೇ ಹೇಳಪ್ಪ’ ಎಂದೆ. ಹತ್ತು ನಿಮಿಷ ನಿಲ್ಲಿಸದೆ ಹೇಳಿದ. ಒಂದು ಪಟ್ಟಿಯಲ್ಲಿ ಹೆಸರು ಬೇಗ ಹುಡುಕುವುದು ಹೇಗೆ ಎಂಬುದನ್ನು ಅಷ್ಟು ಚೆನ್ನಾಗಿ ನಾನು ಯಾವತ್ತೂ ಪಾಠ ಹೇಳಿರಲಿಲ್ಲ. ಪಕ್ಕದವರು ಗಡಿಯಾರ ನೋಡಿಕೊಂಡರು. ‘ಮಾತುಗಾರಿಕೆ’ ಎಂಬ ಕಾಲಮಿನಲ್ಲಿ ‘ಇಲ್ಲ’ ಎಂದು ಬರೆದರು. ನಾನೂ ಸಹಿ ಹಾಕಿದೆ. ಎರಡು ಸಹಿ ಇಲ್ಲದೆ ಹಾಳೆ ಮುಂದಕ್ಕೆ ಹೋಗುತ್ತಿರಲಿಲ್ಲ; ನಾನು ಹಾಕದಿದ್ದರೆ ಅವನದೂ ನಿಲ್ಲುತ್ತಿತ್ತು, ಅವತ್ತಿನ ಇಪ್ಪತ್ತು ಜನರದೂ ನಿಲ್ಲುತ್ತಿತ್ತು. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೇ ಎಂದು ಒಮ್ಮೆಯೂ ವಿಚಾರಿಸಲಿಲ್ಲ.

ಆ ಕಾಲದಲ್ಲಿ ತರಬೇತಿಯ ಪರೀಕ್ಷೆಗಳನ್ನು ಕಾಗದದ ಮೇಲೆ ಬರೆಯುತ್ತಿದ್ದರು. ಪ್ರೋಗ್ರಾಮನ್ನೂ ಪೆನ್ನಿನಲ್ಲೇ ಬರೆಯಬೇಕು. ನಾನು ಕೆಂಪು ಶಾಯಿಯಲ್ಲಿ ಸಾಲು ಸಾಲಾಗಿ ತಿದ್ದುತ್ತಿದ್ದೆ. ಕೊನೆಯ ಉತ್ತರ ತಪ್ಪಿದ್ದರೂ ದಾರಿ ಸರಿಯಿದ್ದರೆ ಅರ್ಧ ಅಂಕ. ದಾರಿ ಗೊತ್ತಿಲ್ಲದಿದ್ದರೂ ತಾನು ಎಲ್ಲಿ ತಪ್ಪಿದೆನೆಂದು ಬರೆದಿದ್ದರೆ ಒಂದು ಅಂಕ. ಈ ಒಂದು ಅಂಕ ಯಾವ ನಿಯಮದಲ್ಲೂ ಇರಲಿಲ್ಲ.

ಆಮೇಲೆ ಎರಡು ಸಾವಿರದ ಇಸವಿ ದಾಟಿತು. ಊರ ಹೊರಗೆ ಸ್ವಂತ ಕಟ್ಟಡವಾಯಿತು. ಮೂವತ್ತು ಜನರ ಬ್ಯಾಚು ಮುನ್ನೂರಾಯಿತು. ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆಗಳ ಕಟ್ಟುಗಳ ನಡುವೆ ಕೂತಿದ್ದ ನನ್ನನ್ನು ನಂಜುಂಡಸ್ವಾಮಿ ಬಾಗಿಲಲ್ಲಿ ನಿಂತು ನೋಡಿದರು.

‘ಏನ್ರೀ ರಂಗನಾಥ್, ಸಂತೇಲಿ ಈರುಳ್ಳಿ ಮೂಟೆ ಕಾಯೋರ ತರ ಕೂತಿದೀರಲ್ಲ.’

‘ಇನ್ನೂರು ಉಳಿದಿದೆ ಸಾರ್.’

‘ಕಂಪ್ಯೂಟರ್ ಕಂಪನಿ ಅಂತ ಬೋರ್ಡ್ ಆಕ್ಕೊಂಡು ಕೆಂಪು ಪೆನ್ನಲ್ಲಿ ರೈಟು ರಾಂಗು ಆಕ್ತಾ ಕೂತಿದೀವಿ. ಮಿಶಿನ್ ಕೈಲಿ ಮಾಡ್ಸಕ್ಕಾಗಲ್ವೇನ್ರೀ?’

‘ಮಾಡಿಸ್ಬೋದು. ಅರ್ಧ ಅಂಕ ಕೊಡಕ್ಕೆ ಅದಕ್ಕೆ ಬರಲ್ಲ.’

‘ಬುಡ್ರೀ ಅರ್ಧ ಅಂಕ. ಅರ್ಧ ಸರಿ ಇರೋ ಪ್ರೋಗ್ರಾಮ್‌ನ ಯಾವ ಗಿರಾಕಿ ತಗೋತಾನೆ?’

ಅವರ ಮಾತು ಸರಿ ಎನ್ನಿಸಿತು. ಎನ್ನಿಸಿತೋ, ಕಟ್ಟುಗಳನ್ನು ನೋಡಿ ಸುಸ್ತಾಗಿತ್ತೋ. ಆರು ವಾರ ಕೂತು ಪರೀಕ್ಷಕ ತಂತ್ರಾಂಶ ಬರೆದೆ. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಸಂತೋಷದಿಂದ ಬರೆದ ಕೆಲಸ ಬೇರೊಂದಿಲ್ಲ. ಎಲ್ಲರೂ ಲ್ಯಾಬಿನಲ್ಲಿ ಪ್ರೋಗ್ರಾಮು ಬರೆದು ಒಪ್ಪಿಸಿ ಹೋಗುತ್ತಾರೆ. ಆಮೇಲೆ ಸರ್ವರ್ ಒಬ್ಬೊಬ್ಬರದನ್ನೇ, ಹೆಸರಿನ ಅಕ್ಷರದ ಕ್ರಮದಲ್ಲಿ, ತಾನಾಗಿಯೇ ಓಡಿಸಿ ನೋಡುತ್ತದೆ. ಒಂದೊಂದಕ್ಕೆ ಹತ್ತು ಸೆಕೆಂಡಿನ ಅವಕಾಶ. ಉತ್ತರ ಸರಿ ಬಂದರೆ ಪೂರ್ತಿ ಅಂಕ. ತಪ್ಪು ಬಂದರೆ ಸೊನ್ನೆ. ಹತ್ತು ಸೆಕೆಂಡಿನಲ್ಲಿ ಉತ್ತರವೇ ಬರದಿದ್ದರೂ ಸೊನ್ನೆ.

ಈ ಕೊನೆಯ ವಾಕ್ಯವನ್ನು ಓದುವವರು ದಯವಿಟ್ಟು ಎರಡು ಸಲ ಓದಬೇಕು. ತಪ್ಪಿದ್ದಕ್ಕೂ ತಡವಾದದ್ದಕ್ಕೂ ಒಂದೇ ಗುರುತು. ಯಾಕೆ ಸೊನ್ನೆ ಎಂದು ಬರೆಯಲು ಪಟ್ಟಿಯಲ್ಲಿ ಇನ್ನೊಂದು ಕಾಲಮು ಬೇಕಿತ್ತು. ಪಟ್ಟಿ ಒಂದು ಹಾಳೆಯ ಅಗಲಕ್ಕೆ ಚೆನ್ನಾಗಿ ಕೂರುತ್ತಿತ್ತು. ಆ ಕಾಲಮು ಸೇರಿಸಿದರೆ ಅಂಚು ಮೀರುತ್ತಿತ್ತು. ನಾನು ಅದನ್ನು ಬಿಟ್ಟೆ.

ಜಬೀನಾ ಬಂದದ್ದು ಆ ಹೊತ್ತಿಗೆ.

ರಾಜೀವನಗರದ ಹುಡುಗಿ. ತಂದೆ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಸಂದರ್ಶನಕ್ಕೆ ತಂದ ಫೈಲಿನಲ್ಲಿ ಅಂಕಪಟ್ಟಿಗಳ ಮೇಲೆ ಅದೇ ಇಲಾಖೆಯ ನೇಮಕಾತಿ ಆದೇಶ ಇತ್ತು, ಜೂನಿಯರ್ ಇಂಜಿನಿಯರ್ ಹುದ್ದೆ. ಸೇರಲು ಇನ್ನು ಹತ್ತೋ ಹನ್ನೆರಡೋ ದಿನ ಉಳಿದಿತ್ತು.

‘ಕೈಲಿ ಸರ್ಕಾರಿ ಆರ್ಡರ್ ಇಟ್ಕೊಂಡು ಇಲ್ಲಿಗ್ಯಾಕಮ್ಮ ಬಂದ್ರಿ?’ ಎಂದೆ.

‘ನಮ್ಮಪ್ಪಂಗೂ ಇದೇ ಪ್ರಶ್ನೆ ಸಾರ್. ನಾನು ಕಂಬ ಹತ್ತಿದ ಆಫೀಸಲ್ಲೇ ನೀನು ಕುರ್ಚಿ ಮೇಲೆ ಕೂತ್ಕೋ, ನಾನು ಬಂದು ಸಲಾಂ ಹೊಡೀತೀನಿ ಅಂತಾರೆ. ನಂಗೆ ಪ್ರೋಗ್ರಾಮ್ ಬರೆಯೋದು ಇಷ್ಟ.’

ಅವಳ ಹೆಸರು ಇಂಗ್ಲಿಷ್ ಅಕ್ಷರಮಾಲೆಯ ಕಟ್ಟಕಡೆಯ ಅಕ್ಷರದಿಂದ ಶುರುವಾಗುತ್ತಿತ್ತು. ಅವತ್ತೂ ಎಲ್ಲರೂ ಮುಗಿದ ಮೇಲೆ ಕರೆದಿದ್ದೆವು. ತುಂಬ ಕಾಯಿಸಿದೆವಲ್ಲ ಎಂದರೆ ನಕ್ಕಳು. ‘ನಂಗೆ ಅಭ್ಯಾಸ ಸಾರ್. ಕಾಲೇಜಲ್ಲಿ ನನ್ನ ಸರದಿ ಬರೋ ಹೊತ್ತಿಗೆ ಎಗ್ಸಾಮಿನರ್‌ಗೆ ಬಸ್ ಹೊತ್ತಾಗಿರೋದು. ಎರಡೇ ಪ್ರಶ್ನೆ ಕೇಳಿ ಕಳಿಸ್ಬಿಡೋರು. ಕೆಲವು ಸಲ ಅದೇ ಲಾಭ.’

ನಾನು ಎಂಟೋ ಹತ್ತೋ ಪ್ರಶ್ನೆ ಕೇಳಿದೆ. ಭಾರೀ ಬುದ್ಧಿವಂತೆ ಎನ್ನಲಾರೆ. ತಿಳಿಯದ್ದನ್ನು ತಿಳಿಯದು ಎನ್ನುತ್ತಿದ್ದಳು, ಸುಳಿವು ಕೊಟ್ಟರೆ ಹಿಡಿದು ಮುಂದಕ್ಕೆ ಹೋಗುತ್ತಿದ್ದಳು. ನನಗೆ ಬೇಕಾಗಿದ್ದದ್ದು ಅಂಥವರು. ಆಗಲೇ ಅವಳು ಕೆಲಸ ಖಾಯಂ ತಾನೇ ಎಂದು ಕೇಳಿದ್ದು. ನಾನು ಏನು ಹೇಳಿದೆನೋ, ಅವಳು ಆ ಆದೇಶವನ್ನು ಫೈಲಿನ ಮೇಲಿನಿಂದ ತೆಗೆದು ಕೆಳಗಿಟ್ಟಳು. ಅದು ನನ್ನ ಕಣ್ಣಲ್ಲಿದೆ. ಅಂದರೆ ಅವಳು ಅದನ್ನು ನಂಬುವಂತೆ ನಾನು ಹೇಳಿದ್ದೇನೆ, ಮಾತು ಯಾವುದೇ ಇರಲಿ.

ತರಬೇತಿಯಲ್ಲಿ ಯಾರಿಗಾದರೂ ಒಟ್ಟು ಎರಡು ವಿಷಯಗಳಲ್ಲಿ ತೇರ್ಗಡೆಯಾಗದಿದ್ದರೆ ಕೆಲಸವಿಲ್ಲ ಎಂದು ನಿಯಮ. ಇದನ್ನು ನಾನು ಸಂದರ್ಶನದಲ್ಲಿ ಹೇಳಲಿಲ್ಲ. ಯಾರಿಗೂ ಹೇಳುತ್ತಿರಲಿಲ್ಲ. ಸೇರುವ ದಿನ ಕೊಡುವ ಕಾಗದದಲ್ಲಿ ಅದು ಇರುತ್ತಿತ್ತು.

ಮೊದಲನೆಯ ವಿಷಯ ಇನ್ನೂ ಕಾಗದದ ಪರೀಕ್ಷೆ. ಜಬೀನಾ ನಲವತ್ತೆರಡು ತೆಗೆದಳು, ಐವತ್ತು ಬೇಕಿತ್ತು. ತಿದ್ದಿದವನು ನಾನೇ. ಕೊಡಬಹುದಾದ ಅರ್ಧಗಳನ್ನೆಲ್ಲ ಕೊಟ್ಟ ಮೇಲೂ ನಲವತ್ತೆರಡು. ಕಾರಿಡಾರಿನಲ್ಲಿ ಸಿಕ್ಕಾಗ ‘ಮುಂದಿನದು ಬಿಡಲ್ಲ ಸಾರ್’ ಎಂದಳು. ಬೆಳಿಗ್ಗೆ ಬೇಗ ಬಂದು ಲ್ಯಾಬಿನ ಬಾಗಿಲು ತೆಗೆಯುವುದನ್ನು ಕಾಯುತ್ತಿದ್ದಳೆಂದು ಫಿಲೋಮಿನಾ ಹೇಳಿದಳು.

ಎರಡನೆಯ ವಿಷಯದಿಂದ ನನ್ನ ತಂತ್ರಾಂಶ. ಪರೀಕ್ಷೆ ಮಧ್ಯಾಹ್ನ ಎರಡಕ್ಕೆ ಮುಗಿಯಿತು. ಯಂತ್ರ ಎರಡೂ ಕಾಲಿಗೆ ಓಡಿಸತೊಡಗಿ ನಾಲ್ಕರೊಳಗೆ ಮುಗಿಸಿತು. ಮಧ್ಯಾಹ್ನ ಮುಗಿದ ಪರೀಕ್ಷೆಯ ಫಲಿತಾಂಶ ಸಂಜೆಗೆ! ನಂಜುಂಡಸ್ವಾಮಿ ಎಲ್ಲರಿಗೂ ಮೈಸೂರುಪಾಕು ತರಿಸಿದರು. ಹೊರಹೋಗಬೇಕಾದವರ ಪಟ್ಟಿಯಲ್ಲಿ ಹನ್ನೊಂದು ಹೆಸರು. ಕೊನೆಯದು ಜಬೀನಾ. ಒಟ್ಟು ನಾಲ್ಕು ಪ್ರೋಗ್ರಾಮು, ನಾಲ್ಕಕ್ಕೂ ಸೊನ್ನೆ.

ಕೈಯಲ್ಲಿ ತಿದ್ದಿದಾಗ ನಲವತ್ತೆರಡು ಬಂದವಳಿಗೆ ಇಲ್ಲಿ ಪೂರ್ತಿ ಸೊನ್ನೆ ಹೇಗೆ ಎಂದು ನನಗೆ ಆಗ ಅನ್ನಿಸಿತೇ? ಅನ್ನಿಸಿತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದರೆ ನೋಡುತ್ತಿದ್ದೆನಲ್ಲ.

ಹೊರಗೆ ಕಳಿಸುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ನಾಲ್ಕನೇ ನಂಬರಿನ ಕೋಣೆಗೆ ಒಬ್ಬೊಬ್ಬರನ್ನೇ ಕರೆಯಬೇಕು. ಮೇಜಿನ ಮೇಲೆ ಒಂದು ಲೋಟ ನೀರು. ಮೂರು ವಾಕ್ಯ ಹೇಳಬೇಕು: ಫಲಿತಾಂಶ, ನಿಯಮ, ವಾಹನ ಎಷ್ಟು ಹೊತ್ತಿಗೆ. ನಾಲ್ಕನೆಯದು ಹೇಳಬಾರದು. ಹೇಳಿದರೆ ವಾದ ಶುರುವಾಗುತ್ತದೆ ಎಂದು ಮೇಲಿನಿಂದ ಬಂದ ಟಿಪ್ಪಣಿ. ಗುರುತಿನ ಕಾರ್ಡು ವಾಪಸ್ಸು ತೆಗೆದುಕೊಳ್ಳಬೇಕು. ಅವರು ಮತ್ತೆ ತರಗತಿಗೆ ಹೋಗುವ ಹಾಗಿಲ್ಲ. ಚೀಲವನ್ನು ನಮ್ಮವರೇ ತಂದು ಬಾಗಿಲಲ್ಲಿಡುತ್ತಾರೆ. ಉಳಿದವರಿಗೆ ಮರುದಿನ ಖಾಲಿ ಕುರ್ಚಿ ಕಂಡಾಗ ಗೊತ್ತಾಗುವುದು.

ಹತ್ತು ಜನ ಮುಗಿದಿದ್ದರು. ಇಬ್ಬರು ಅತ್ತಿದ್ದರು, ಒಬ್ಬ ನೀರು ಕುಡಿದು ಥ್ಯಾಂಕ್ಸ್ ಹೇಳಿ ಹೋಗಿದ್ದ. ಜಬೀನಾ ಕೂತಳು. ಮೂರು ವಾಕ್ಯ ಹೇಳಿದೆ.

‘ಎಷ್ಟು ಬಂದಿದೆ ಸಾರ್?’

‘ಸೊನ್ನೆ.’

‘ಸೊನ್ನೆನಾ? ನಾಲ್ಕರಲ್ಲಿ ಒಂದೂ ಸರಿ ಇಲ್ವಾ?’

ನಾನು ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗುರುತು ಹಾಕಿದೆ.

‘ನಾನು ಓಡಿಸಿ ನೋಡಿದ್ದೆ ಸಾರ್. ಉತ್ತರ ಬಂತು, ನಾಲ್ಕರಲ್ಲೂ ಬಂತು. ಒಂದ್ಸಲ ತೆಗೀರಿ, ನಿಮ್ಮ ಎದುರಿಗೇ ಓಡಿಸ್ತೀನಿ. ಐದು ನಿಮಿಷ.’

‘ಹಾಗೆ ತೆಗೆದು ತೋರ್ಸಕ್ಕೆ ಬರಲ್ಲಮ್ಮ.’

‘ಯಾಕ್ ಸಾರ್?’

‘ಎಲ್ರಿಗೂ ತೋರಿಸ್ಬೇಕಾಗುತ್ತೆ.’

‘ತೋರ್ಸಿ’ ಎಂದಳು.

ನಾನು ಕಾರ್ಡಿಗೆ ಕೈ ಚಾಚಿದೆ. ಕುತ್ತಿಗೆಯಿಂದ ತೆಗೆಯುವಾಗ ಅದರ ದಾರ ದುಪಟ್ಟಾಕ್ಕೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು ಕೊಟ್ಟಳು. ಗಾಡಿ ಐದಕ್ಕೆ ಎಂದು ಮತ್ತೆ ಹೇಳಿದೆ. ‘ಗಾಡಿ ಬೇಡ ಸಾರ್, ಅದು ಸ್ಟೇಷನ್ನಿಗೆ ಹೋಗೋದು. ನಮ್ಮನೆ ಇಲ್ಲೇ’ ಎಂದು ಎದ್ದಳು. ಊರವರನ್ನು ಕಳಿಸುವಾಗ ಹೇಳಲು ಪದ್ಧತಿಯಲ್ಲಿ ಬೇರೆ ವಾಕ್ಯವಿರಲಿಲ್ಲ.

ಮುಂದಿನ ಬ್ಯಾಚಿಗೆ ಎರಡು ತಿಂಗಳಾದ ಮೇಲೆ ಅದೇ ಪರೀಕ್ಷೆ. ಸಂಜೆ ಪಟ್ಟಿಯನ್ನು ಟೈಪು ಮಾಡಿ ಫಿಲೋಮಿನಾ ನನ್ನ ಮೇಜಿಗೆ ತಂದಳು. ಸಹಿ ಮಾಡಲು ಪೆನ್ನು ತೆಗೆದರೆ ಪಟ್ಟಿಯನ್ನು ಹಿಂದಕ್ಕೆಳೆದುಕೊಂಡಳು.

‘ಒಂದ್ ಮಾತು ಸಾರ್. ಎ, ಬಿ, ಸಿ ಅನ್ನೋರೆಲ್ಲ ಹುಟ್ತಾನೇ ಜಾಣರಾ?’

‘ಏನ್ ಫಿಲೋಮಿನಾ?’

‘ಓದಿ. ಸವಿತಾ, ಶಿವಕುಮಾರ, ಸುಧೀಂದ್ರ, ಸುನಿಲ, ಉಷಾ, ವಿನಯ. ಆರ್ ಅಕ್ಷರದ ತನಕ ಫೇಲೇ ಇಲ್ಲ. ಹೋದ್ಸಲಾನೂ ಹಿಂಗೇ ಇತ್ತು ಸಾರ್. ಫಸ್ಟ್ ಟೈಮು ಸುಮ್ನಿದ್ದೆ, ನಮ್ಮೂರಲ್ಲಿ ಎಸ್ಸು ಜಾಸ್ತಿ ಅಂತ.’

‘ಇರ್ಬೋದಲ್ಲ.’

‘ಇರ್ಬೋದು. ನಾನು ಪಿಯುಸಿ ಫೇಲು, ನಿಮಗ್ ಗೊತ್ತು’ ಎಂದು ಪಟ್ಟಿಯನ್ನು ಮೇಜಿನ ಮೇಲಿಟ್ಟು ಹೋದಳು.

ಮರುದಿನ ಬೆಳಿಗ್ಗೆ ಬೇಗ ಹೋಗಿ ಸುಧೀಂದ್ರನ ಪ್ರೋಗ್ರಾಮು ತೆಗೆದು ನನ್ನ ಕೈಯಾರೆ ಓಡಿಸಿದೆ. ಎರಡು ಸೆಕೆಂಡಿನಲ್ಲಿ ಸರಿಯಾದ ಉತ್ತರ ಬಂತು. ಉಷಾಳದೂ ಬಂತು. ವಿನಯನದು ಬರಲಿಲ್ಲ, ಅವನದು ನಿಜವಾಗಿಯೇ ತಪ್ಪಿತ್ತು. ಕಾರಣ ಸಿಗಲು ಮಧ್ಯಾಹ್ನವಾಯಿತು. ಇಡೀ ಕೇಂದ್ರದ ಕೆಲಸದ ನಕಲನ್ನು ಟೇಪಿಗೆ ಇಳಿಸುವ ಕಾರ್ಯ ದಿನವೂ ಅದೇ ಸರ್ವರಿನಲ್ಲಿ ಮೂರೂವರೆಗೆ ಶುರುವಾಗುತ್ತಿತ್ತು. ಆಗ ಸರ್ವರ್ ಉಳಿದ ಕೆಲಸಕ್ಕೆಲ್ಲ ಏದುಸಿರು ಬಿಡುತ್ತಿತ್ತು. ಆ ಹೊತ್ತಿಗೆ ನನ್ನ ತಂತ್ರಾಂಶ ಆರ್ ದಾಟಿ ಎಸ್‌ಗೆ ಬಂದಿರುತ್ತಿತ್ತು. ಅಲ್ಲಿಂದ ಮುಂದಿನವರ ಪ್ರೋಗ್ರಾಮು ಎಷ್ಟೇ ಸರಿಯಿದ್ದರೂ ಹತ್ತು ಸೆಕೆಂಡಿನಲ್ಲಿ ಉತ್ತರ ಬರುವುದು ಅನುಮಾನ. ಹತ್ತು ಸೆಕೆಂಡು ಸಾಕೇ ಎಂದು ನಾನು ಪರೀಕ್ಷಿಸಿದ್ದು ನನ್ನ ಮೇಜಿನ ಹೊಸ ಯಂತ್ರದಲ್ಲಿ, ಬೆಳಗಿನ ಹೊತ್ತು. ಟೇಪಿನ ಕೆಲಸವನ್ನು ಸಂಜೆಯಿಂದ ಮೂರೂವರೆಗೆ ತಂದ ಆದೇಶದಲ್ಲಿ ಇದ್ದದ್ದೂ ನನ್ನದೇ ಸಹಿ.

ಆ ಬ್ಯಾಚಿನವರಿಗೆ ಇನ್ನೂ ಹೇಳಿರಲಿಲ್ಲ. ಸರಿ ಬರೆದವರೆಲ್ಲ ಉಳಿದರು, ತಾವು ಎಷ್ಟು ಹತ್ತಿರ ಹೋಗಿ ಬಂದೆವೆಂಬುದು ಅವರಿಗೆ ಇಂದಿಗೂ ತಿಳಿಯದು. ನಾನು ಹಿಂದಿನ ಬ್ಯಾಚಿನ ಫೈಲುಗಳನ್ನು ಹುಡುಕಿದೆ. ಡಿಸ್ಕಿನಲ್ಲಿ ಜಾಗ ಸಾಲದೆಂದು ಪರೀಕ್ಷೆಯ ಫೈಲುಗಳನ್ನು ಹದಿನೈದು ದಿನಕ್ಕೆ ಅಳಿಸುತ್ತಿದ್ದೆವು. ಟೇಪಿನ ಮೇಲೆ ಬೇರೆ ನಕಲು ಕೂತಿತ್ತು. ಏನೂ ಇರಲಿಲ್ಲ.

ನಂಜುಂಡಸ್ವಾಮಿಯವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಈಗಿನವ್ರನ್ನ ಉಳಿಸಿದ್ರಿ ತಾನೇ? ಒಳ್ಳೇದಾಯ್ತು.’

‘ಹಿಂದಿನ ಹನ್ನೊಂದು ಜನ, ಸಾರ್?’

‘ಅವ್ರು ಬರೆದಿದ್ದು ಸರಿ ಅಂತ ತೋರಿಸಕ್ಕೆ ಏನಿದೆ?’

‘ಏನಿಲ್ಲ. ಅಳಿಸಿಹೋಗಿದೆ.’

‘ತಪ್ಪು ಅಂತ ತೋರಿಸಕ್ಕೆ?’

‘ಅದಕ್ಕೂ ಇಲ್ಲ.’

‘ಮತ್ತೆ?’

‘ಎಲ್ರಿಗೂ ಇನ್ನೊಂದು ಪರೀಕ್ಷೆ ಕೊಡೋಣ.’

‘ಕೊಟ್ರೆ ಮೇಲಿನವ್ರು ಯಾಕೆ ಅಂತಾರೆ. ತಂತ್ರಾಂಶ ಬರೆದೋರು ಯಾರು ಅಂತಾರೆ. ಟೇಪಿನ ಹೊತ್ತು ಬದಲಾಯಿಸಿದ್ದು ಯಾರು ಅಂತಾರೆ. ನಾನು ನಿಮ್ಮನ್ನ ಹೆದರಿಸ್ತಿಲ್ಲ ಕಣ್ರೀ, ಎಂಗೆ ನಡೆಯುತ್ತೆ ಅಂತ ಹೇಳ್ತಿದೀನಿ. ಸರಿ ಮಾಡ್ಬುಡಿ, ಮುಂದೆ ಆಗ್ದಂಗೆ ನೋಡ್ಕೊಳ್ಳಿ. ಇಲ್ಲ ನೀವು ಬರೆದು ಕೊಡ್ತೀನಿ ಅಂದ್ರೆ ಕೊಡಿ, ನಾನು ತಡೆಯಲ್ಲ. ಮೇಲಕ್ಕೆ ಕಳಿಸ್ತೀನಿ.’

ಅವರನ್ನು ಖಳನಾಯಕ ಮಾಡಿ ಬರೆದರೆ ಈ ಪುಟ ಸಲೀಸಾಗುತ್ತದೆ. ಅವರು ಹಾಗಿರಲಿಲ್ಲ. ಬರೆದು ಕೊಡಿ, ಕಳಿಸುತ್ತೇನೆ ಎಂದರು. ಈ ಮಾತು ನನಗೆ ಖಚಿತವಾಗಿ ನೆನಪಿದೆ, ಯಾಕೆಂದರೆ ನನಗೆ ಅನುಕೂಲವಲ್ಲದ ಮಾತು ಅದು. ನಾನು ಬರೆದು ಕೊಡಲಿಲ್ಲ. ತಂತ್ರಾಂಶದಲ್ಲಿ ‘ಯಾಕೆ ಸೊನ್ನೆ’ ಎಂಬ ಕಾಲಮು ಸೇರಿಸಿದೆ. ಹತ್ತು ನಿಮಿಷದ ಕೆಲಸ. ಹಾಳೆಯ ಅಂಚು ಮೀರಿತು, ಹಾಳೆಯನ್ನು ಅಡ್ಡಲಾಗಿ ತಿರುಗಿಸಿದೆ, ಸರಿಹೋಯಿತು.

ಒಂದು ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ರಾಜೀವನಗರಕ್ಕೆ ಹೋದೆ. ವಿಳಾಸ ಕೊಟ್ಟವಳು ಫಿಲೋಮಿನಾ. ‘ನಾನು ಕೊಟ್ಟೆ ಅಂತ ಎಲ್ಲೂ ಹೇಳ್ಬೇಡಿ. ಹೋಗಿ ಸುಮ್ನೆ ಬರಬೇಡಿ’ ಎಂದಿದ್ದಳು. ಹನ್ನೊಂದು ಜನರಲ್ಲಿ ಊರಿನವಳು ಇವಳೊಬ್ಬಳೇ, ಉಳಿದವರು ಎಲ್ಲೆಲ್ಲಿಯೋ. ಇವಳಿಗಾದರೂ ನಿಜ ಹೇಳಬೇಕು ಎಂದು ಹೊರಟಿದ್ದೆ. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ.

ಬಾಗಿಲು ತೆಗೆದದ್ದು ತಂದೆ. ರಹಮತ್ ಸಾಹೇಬರು ಎಂದು ಪಕ್ಕದ ಮನೆಯವರು ಹೇಳಿದ್ದರು. ಕಂಪನಿಯ ಹೆಸರು ಹೇಳಿದೊಡನೆ ಗಾಬರಿಯಾಗಿ ಕುರ್ಚಿಯ ಮೇಲಿನ ಬಟ್ಟೆ ತೆಗೆದು ಕೂರಿಸಿದರು. ಬಲಗೈಯ ಎರಡು ಬೆರಳು ಸುಟ್ಟು ಮಡಚಿಕೊಂಡಿದ್ದವು. ಹೆಂಡತಿ ಒಳಗಿನಿಂದ ಚಹಾ ಕಳಿಸಿದರು.

‘ಜಬೀನಾ ಇದಾರಾ?’

‘ಇಲ್ಲ ಸಾರ್. ಮಂಡ್ಯದಲ್ಲಿ ನಮ್ಮ ತಂಗಿ ಮನೇಲಿದಾಳೆ. ಅಲ್ಲೇ ಒಂದು ಪ್ರೈವೇಟ್ ಸ್ಕೂಲಲ್ಲಿ ಲೆಕ್ಕ ಹೇಳ್ಕೊಡ್ತಾಳೆ.’

‘ಇಲಾಖೆ ಆರ್ಡರ್?’

‘ಟೈಮ್ ಮುಗೀತಲ್ಲ ಸಾರ್. ಎಇಇ ಸಾಹೇಬ್ರ ಹತ್ರ ನಾನೇ ಹೋದೆ. ಲಿಸ್ಟಲ್ಲಿ ಮುಂದಿನೋರಿಗೆ ಕೊಟ್ಬಿಟ್ಟಿದ್ರು. ಅವ್ರೇನ್ ಮಾಡ್ತಾರೆ.’

ನಾನು ಚಹಾ ಕುಡಿದೆ. ಅವರು ನನ್ನ ಎದುರು ಕೂರಲಿಲ್ಲ, ಗೋಡೆಗೆ ಒರಗಿ ನಿಂತಿದ್ದರು. ಆಮೇಲೆ ಕೇಳಿದರು:

‘ಒಂದ್ ಮಾತು ಕೇಳ್ತೀನಿ ಸಾರ್, ಬೇಜಾರ್ ಮಾಡ್ಕೋಬೇಡಿ. ನಾನು ಸರಿಯಾಗೇ ಬರೆದಿದ್ದೆ ಅಂತ ಒಂದೇ ಹಟ ಮಾಡಿದ್ಳು. ನಾನು ಬೈದ್ಬುಟ್ಟೆ. ಅಷ್ಟು ದೊಡ್ಡ ಕಂಪನಿ ಮಿಶಿನ್ನು ಸುಳ್ಳು ಹೇಳುತ್ತಾ, ಓದ್ದೆ ಬರೀದೆ ಬಂದು ನನ್ ಮುಂದೆ ಕತೆ ಹೇಳ್ತೀಯಾ ಅಂತ. ಅವತ್ತಿಂದ ನನ್ನ ಹತ್ರ ಮಾತಿಲ್ಲ. ನೀವು ಅಲ್ಲಿದ್ದೋರು. ಅವಳು ಸುಳ್ಳು ಹೇಳ್ತಿದ್ಳಾ ಸಾರ್?’

ಇಷ್ಟು ನೇರವಾದ ಪ್ರಶ್ನೆಯನ್ನು ನನ್ನ ಯಾವ ಸಂದರ್ಶನದಲ್ಲೂ ಯಾರೂ ಕೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಜೋಡಿಸಿಕೊಂಡ ವಾಕ್ಯಗಳು ಇದ್ದವು. ‘ಇಲ್ಲ ಸಾಹೇಬ್ರೆ, ಮಿಶಿನ್ನೇ ತಪ್ಪು ಮಾಡಿತ್ತು, ಅದನ್ನ ಬರೆದೋನು ನಾನು.’ ಇದಕ್ಕೆ ಮೂರು ಸೆಕೆಂಡು ಸಾಕು. ಆದರೆ ಅವಳು ಬರೆದದ್ದು ಸರಿಯಿತ್ತೆಂದು ನನಗೆ ಗೊತ್ತಿರಲಿಲ್ಲವಲ್ಲ, ವಿನಯನದು ತಪ್ಪೇ ಇತ್ತಲ್ಲ ಎಂದು ನನ್ನೊಳಗಿನ ಒಬ್ಬ ಬಹಳ ಪ್ರಾಮಾಣಿಕನಂತೆ ಎದ್ದು ನಿಂತ. ಅವನನ್ನು ನಾನು ಇವತ್ತಿಗೂ ನಂಬುವುದಿಲ್ಲ. ಅವನು ಸರಿಯಾಗಿ ನನಗೆ ಬೇಕಾದ ಗಳಿಗೆಯಲ್ಲೇ ಬಂದ.

‘ಪರೀಕ್ಷೆ ಅಂದ್ಮೇಲೆ ಏರುಪೇರು ಇರುತ್ತೆ ಸಾಹೇಬ್ರೆ’ ಎಂದೆ.

ಅವರು ತಲೆಯಾಡಿಸಿದರು. ಉತ್ತರ ಸಿಕ್ಕಿತು ಎಂಬಂತೆ ಆಡಿಸಿದರು. ‘ಅದೇ ನಾನೂ ಅಂದ್ಕೊಂಡೆ ಸಾರ್’ ಎಂದು ಲೋಟ ತೆಗೆದುಕೊಂಡರು. ಗೇಟಿನವರೆಗೆ ಬಂದು, ‘ಇಷ್ಟು ದೂರ ಬಂದ್ರಲ್ಲ, ದೊಡ್ಡೋರು’ ಎಂದು ನನ್ನ ಕೈ ಹಿಡಿದರು.

ಸೋಮವಾರ ಫಿಲೋಮಿನಾ ಕೇಳಿದಳು, ‘ಹೇಳಿದ್ರಾ ಸಾರ್?’

‘ಮನೇಲಿ ಯಾರೂ ಇರ್ಲಿಲ್ಲ’ ಎಂದೆ.

ಅವಳು ಮತ್ತೆ ಕೇಳಲಿಲ್ಲ. ಅದಾದ ಮೇಲೂ ನಾನು ಅಲ್ಲಿ ಬಹಳ ವರ್ಷ ಇದ್ದೆ. ನೂರಾರು ಜನರಿಗೆ ಮೂರು ವಾಕ್ಯ ಹೇಳಿದೆ. ಅವರ ಸೊನ್ನೆಗಳೆಲ್ಲ ಕಾರಣ ಸಮೇತ ಇದ್ದವು. ಹಾಗಾಗಿ ನಾನು ಯಾರ ಮುಖವನ್ನೂ ನೋಡಬೇಕಾಗಲಿಲ್ಲ.

ಹೊಸದಾಗಿ ಸೇರುವವರಿಗೆ ಹೇಳಲು ಇಷ್ಟರಲ್ಲಿ ಪಾಠವೇನಾದರೂ ಇದೆಯೇ ಎಂದು ಹುಡುಕಿದೆ. ಸಿಕ್ಕಿದ್ದು ಇದು: ಯಾರಾದರೂ ‘ಒಂದ್ಸಲ ತೆಗೆದು ನೋಡಿ’ ಎಂದರೆ ನೋಡಿ. ಬರೆದ ಮೇಲೆ ಇದೂ ಪೊಳ್ಳೆನ್ನಿಸುತ್ತದೆ. ನನಗೆ ಯಾರೂ ನೋಡಬೇಡ ಎಂದಿರಲಿಲ್ಲ. ನಿಯಮ ಇದ್ದದ್ದು ಅವಳಿಗೆ ತೋರಿಸಬಾರದು ಎಂದು, ನಾನು ನೋಡಬಾರದು ಎಂದಲ್ಲ.

ಈಚೆಗೆ ಒಂದು ವಿಚಿತ್ರ ಶುರುವಾಗಿದೆ. ಅವಳ ಪ್ರೋಗ್ರಾಮು ನನಗೆ ಕಾಣುತ್ತದೆ. ಕಪ್ಪು ಪರದೆ, ಹಸಿರು ಅಕ್ಷರ, ಸಾಲುಗಳ ನಡುವೆ ಅವಳು ಬಿಟ್ಟ ಜಾಗ. ಓದಿಕೊಂಡು ಹೋಗುತ್ತೇನೆ, ಎಲ್ಲ ಸರಿಯಾಗಿದೆ, ಕೊನೆಯ ಸಾಲಿನವರೆಗೂ ಸರಿಯಾಗಿದೆ. ಇದು ನೆನಪಲ್ಲ. ನಾನು ಆ ಫೈಲನ್ನು ಒಮ್ಮೆಯೂ ತೆರೆದಿಲ್ಲ. ಅವಳು ಎದ್ದುಹೋದ ಮೇಲೆ ಹದಿನೈದು ದಿನ ಅದು ಆ ಸರ್ವರಿನಲ್ಲೇ ಇತ್ತು, ನಾನು ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆ.

ಅವಳು ಸರಿಯಾಗಿ ಬರೆದಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ತಂದೆ ಮಗಳು ಮತ್ತೆ ಮಾತಾಡಿದರೋ ಇಲ್ಲವೋ, ಅದೂ ಗೊತ್ತಿಲ್ಲ.